ಶಿಲಾಯುಗದ ಊಟಕ್ಕೆ ಮರಳಬೇಕೆ? ಮುದ್ದೆ ಬಿಡಬೇಕೆ?



ಕಳೆದ ಮುಂಗಾರಿಗೆ ಮುಂಚೆ ಬೀಜೋಪಚಾರದ ವಿಷಯ ತಿಳಿಸಲು ಒಂದು ಗ್ರಾಮದ ವಾಚನಾಲಯಕ್ಕೆ ಹೋಗಿದ್ದೆ. ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿರುವಾಗ, ಐವತ್ತೈದು ದಾಟಿದ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಬೇರೆಯದೇ ಒಂದು ಪ್ರಶ್ನೆ ಕೇಳಿದರು. ಅವರಿಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಹಬ್ಬಕ್ಕೆ ಬಂದವನು, "ಅಪ್ಪಾ, ಮುದ್ದೆ, ಅನ್ನ, ಬೇಳೆ, ಹಾಲು ಎಲ್ಲ ಬಿಟ್ಟುಬಿಡು. ಆದಿಮಾನವ ತಿಂದಂತೆ ಮಾಂಸ, ಮೊಟ್ಟೆ, ತರಕಾರಿ ತಿನ್ನು. ಮಾತ್ರೆಯೇ ಬೇಡವಾಗುತ್ತದೆ" ಎಂದನಂತೆ. ಮಗ ತಾನೂ ಹಾಗೆಯೇ ಮಾಡಿ ಆರು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದಿದ್ದಾನೆ. "ಎರಡು ಎಕರೆ ರಾಗಿ ಹಾಕೋನು ನಾನು. ನಾನು ಬೆಳೆದದ್ದೇ ನನಗೆ ವಿಷವೇ ಸ್ವಾಮಿ?" ಎಂದು ಅವರು ಕೇಳಿದಾಗ ನನಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗಲಿಲ್ಲ.

ನಾನು ವೈದ್ಯನಲ್ಲ. ಆದರೆ ಕಾಳಿನ ವಿಷಯ ನಮ್ಮ ಕಸುಬಿಗೆ ಸೇರಿದ್ದು. ಈ ಪ್ರಶ್ನೆ ಈಗ ಒಬ್ಬಿಬ್ಬರದಲ್ಲ, ಹಳ್ಳಿ ಹಳ್ಳಿಗೂ ಬಂದಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಗ್ರಾಮಾಂತರದಲ್ಲಿಯೇ ವಯಸ್ಕರಲ್ಲಿ ಶೇಕಡಾ 8.9 ಮಂದಿಗೆ ಇದೆ. ಆದುದರಿಂದ ಮಗನ ಮಾತನ್ನು ಹುಡುಗಾಟವೆಂದು ತಳ್ಳಿಹಾಕದೆ ತೂಗಿ ನೋಡೋಣ.

ಈ ಪದ್ಧತಿ ಎಲ್ಲಿಂದ ಬಂತು?

ಇಂಗ್ಲಿಷಿನಲ್ಲಿ ಇದನ್ನು ಪೇಲಿಯೋ ಡಯಟ್ ಎನ್ನುತ್ತಾರೆ. ಹಳೆಯ ಶಿಲಾಯುಗದ ಊಟ ಎಂದರ್ಥ. 1975ರಲ್ಲಿ ಅಮೆರಿಕದ ಹೊಟ್ಟೆ ರೋಗಗಳ ವೈದ್ಯ ವಾಲ್ಟರ್ ವೋಗ್ಟ್‌ಲಿನ್ ಎಂಬುವರು ಈ ಬಗ್ಗೆ ಪುಸ್ತಕ ಬರೆದರು. 1985ರಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಎಂಬ ಇಬ್ಬರು ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದ ಮೇಲೆ ವಿದ್ವಾಂಸರೂ ಇದನ್ನು ಗಮನಿಸಿದರು. ಲೋರೆನ್ ಕಾರ್ಡೇನ್ ಅವರ 2002ರ ಪುಸ್ತಕದಿಂದ ಜನಸಾಮಾನ್ಯರಲ್ಲಿ ಹರಡಿತು. ಅವರ ವಾದ ಇಷ್ಟು: ಮನುಷ್ಯ ಲಕ್ಷಾಂತರ ವರ್ಷ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕಿದ, ಬೇಸಾಯ ಬಂದು ಹತ್ತು ಸಾವಿರ ವರ್ಷವಷ್ಟೇ ಆಗಿದೆ, ನಮ್ಮ ದೇಹ ಇನ್ನೂ ಕಾಳಿಗೆ ಒಗ್ಗಿಲ್ಲ. ಆದುದರಿಂದ ಧಾನ್ಯ, ದ್ವಿದಳ ಧಾನ್ಯ, ಹಾಲು, ಸಕ್ಕರೆ ವರ್ಜ್ಯ. ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬಾದಾಮಿಯಂಥ ಬೀಜಗಳು ಸೇವಿಸಬಹುದು. ಕಡಲೆಕಾಯಿ ಸಹ ದ್ವಿದಳವಾದ್ದರಿಂದ ಅದಕ್ಕೂ ನಿಷೇಧ! ನಮ್ಮ ಹುರುಳಿ, ಅವರೆ, ತೊಗರಿ, ಮಜ್ಜಿಗೆ ಎಲ್ಲವೂ ಹೋದವು. ಮಾಂಸ ತಿನ್ನದವರ ಮನೆಯಲ್ಲಿ ಇನ್ನು ಉಳಿಯುವುದೇನು ಎಂದು ನೀವೇ ಯೋಚಿಸಿ.

ಇದನ್ನು ಒಪ್ಪುವವರ ಬಳಿ ಬಲವಾದ ಒಂದು ಸಾಕ್ಷಿ ಇದೆ. ಆಸ್ಟ್ರೇಲಿಯದ ಪಶ್ಚಿಮ ಭಾಗದ ಡರ್ಬಿ ಎಂಬ ಊರಿನ ಬಳಿ ನೆಲೆಸಿದ್ದ ಮೂಲನಿವಾಸಿಗಳಲ್ಲಿ ಸಕ್ಕರೆ ಕಾಯಿಲೆ ವಿಪರೀತವಾಗಿತ್ತು. ಕೆರಿನ್ ಓ'ಡೀ ಎಂಬ ಸಂಶೋಧಕಿ ಅವರಲ್ಲಿ ಹತ್ತು ಮಂದಿ ಮಧುಮೇಹಿಗಳೊಂದಿಗೆ ಏಳು ವಾರ ಕಾಡುಮೇಡಿನಲ್ಲಿ ಕಳೆದರು. ಅವರು ತಮ್ಮ ಹಿರಿಯರಂತೆ ಕಾಂಗರೂ ಬೇಟೆಯಾಡಿದರು, ಮೀನು ಹಿಡಿದರು, ಗೆಣಸು ಅಗೆದರು, ಜೇನು ಕಿತ್ತರು. 1984ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ತೂಕ ಸರಾಸರಿ 8 ಕಿಲೋ ಇಳಿದಿತ್ತು, ಬರಿಹೊಟ್ಟೆಯ ರಕ್ತದ ಸಕ್ಕರೆ ನಮ್ಮ ಆಸ್ಪತ್ರೆಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 209ರಿಂದ 119ಕ್ಕೆ ಬಂದಿತ್ತು. ಏಳೇ ವಾರದಲ್ಲಿ! ಯಾರನ್ನಾದರೂ ಬೆರಗುಗೊಳಿಸುವ ಅಂಕಿ ಇದು.

ಆದರೆ ಇಲ್ಲಿ ರೈತರಿಗೆ ಚೆನ್ನಾಗಿ ತಿಳಿದ ಒಂದು ಮಾತಿದೆ. ಒಂದು ತಾಕಿಗೆ ಹೊಸ ಬೀಜ ಬಿತ್ತಿ, ಕೊಟ್ಟಿಗೆ ಗೊಬ್ಬರ ಹಾಕಿ, ಎರಡು ಸಲ ಕಳೆ ತೆಗೆದು, ನೀರನ್ನೂ ಕೊಟ್ಟು, ಇಳುವರಿ ಹೆಚ್ಚಿದಾಗ "ಇದೆಲ್ಲ ಬೀಜದ ಗುಣ" ಎಂದರೆ ನೀವು ನಂಬುತ್ತೀರಾ? ಪಕ್ಕದಲ್ಲಿ ಹೋಲಿಕೆಯ ತಾಕು ಎಲ್ಲಿ ಎಂದು ಕೇಳುತ್ತೀರಿ. ಆ ಹತ್ತು ಮಂದಿ ಊರಿನಲ್ಲಿದ್ದಾಗ ತಿನ್ನುತ್ತಿದ್ದದ್ದು ಬಿಳಿ ಹಿಟ್ಟು, ಸಕ್ಕರೆ, ಅಕ್ಕಿ, ಕೊಬ್ಬಿನ ಮಾಂಸ. ಕುಡಿಯುತ್ತಿದ್ದದ್ದು ಬಾಟಲಿಯ ಸಿಹಿ ಪಾನೀಯ, ಬಿಯರು. ಕಾಡಿನಲ್ಲಿ ಅದೆಲ್ಲ ಒಂದೇ ದಿನ ನಿಂತಿತು. ಊಟಕ್ಕಾಗಿ ನಡೆಯಬೇಕಾಯಿತು. ದಿನಕ್ಕೆ ಸಿಕ್ಕಿದ್ದು ಸುಮಾರು 1200 ಕ್ಯಾಲೊರಿ ಮಾತ್ರ, ಅಂದರೆ ಅರೆಹೊಟ್ಟೆ. ಕಾಡುಪ್ರಾಣಿಯ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಆರು ವಾರದಲ್ಲಿ ಕೊಬ್ಬಿಸಿದ ನಮ್ಮ ಬ್ರಾಯ್ಲರ್ ಕೋಳಿಗೆ ಅದನ್ನು ಹೋಲಿಸಲಾಗದು. ಇಷ್ಟೂ ಬದಲಾವಣೆಗಳಲ್ಲಿ ಯಾವುದರಿಂದ ಎಷ್ಟು ಗುಣವಾಯಿತು? ಓ'ಡೀ ಅವರ ಪ್ರಯೋಗ ಅದನ್ನು ಬಿಡಿಸಿ ಹೇಳುವುದಿಲ್ಲ.

ನಾನು ಆ ರೈತರನ್ನು ಕೇಳಿದೆ: "ನಿಮ್ಮ ಮಗ ಮೊದಲು ಏನು ತಿನ್ನುತ್ತಿದ್ದ?" ಅವರು ನಕ್ಕರು. "ಬೆಳಿಗ್ಗೆ ಬೇಕರಿ, ಮಧ್ಯಾಹ್ನ ಹೋಟೆಲು, ರಾತ್ರಿ ಹನ್ನೊಂದಕ್ಕೆ ಮನೆ ಬಾಗಿಲಿಗೆ ತರಿಸಿಕೊಂಡ ಬಿರಿಯಾನಿ." ಈಗ ದಿನವೂ ಒಂದು ಗಂಟೆ ವ್ಯಾಯಾಮಶಾಲೆಗೆ ಹೋಗುತ್ತಾನಂತೆ. ಹನ್ನೊಂದು ಕಿಲೋ ಇಳಿದ ಕೀರ್ತಿಯನ್ನು ಬಿಟ್ಟ ಮುದ್ದೆಗೆ ಕೊಡೋಣವೇ, ಬಿಟ್ಟ ಬೇಕರಿಗೆ ಕೊಡೋಣವೇ?

ಹೋಲಿಕೆಯ ತಾಕು ಇಟ್ಟುಕೊಂಡ ಪ್ರಯೋಗಗಳು ಸ್ವೀಡನ್ ದೇಶದಲ್ಲಿ ನಡೆದಿವೆ. 2009ರಲ್ಲಿ ಪ್ರಕಟವಾದ ಒಂದರಲ್ಲಿ 13 ಮಧುಮೇಹಿಗಳು ಮೂರು ತಿಂಗಳು ಶಿಲಾಯುಗದ ಊಟವನ್ನೂ, ಮೂರು ತಿಂಗಳು ವೈದ್ಯರು ಹೇಳುವ ಪಥ್ಯದ ಊಟವನ್ನೂ ಮಾಡಿದರು. ಶಿಲಾಯುಗದ ಊಟದಲ್ಲಿ ಸಕ್ಕರೆ ಹೆಚ್ಚು ಹತೋಟಿಗೆ ಬಂತು, ತೂಕವೂ ಹೆಚ್ಚು ಇಳಿಯಿತು. ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ 13 ಜನ, ಮೂರು ತಿಂಗಳು ಎಂಬುದನ್ನೂ ಮರೆಯಬಾರದು. 2014ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಉಮಿಯೋ ನಗರದ 70 ಸ್ಥೂಲ ಮಹಿಳೆಯರನ್ನು ಎರಡು ವರ್ಷ ಗಮನಿಸಿದರು. ಆರು ತಿಂಗಳಿಗೆ ಶಿಲಾಯುಗದ ಊಟದವರ ಕೊಬ್ಬು ಹೆಚ್ಚು ಕರಗಿತ್ತು. ಎರಡು ವರ್ಷ ತುಂಬುವ ಹೊತ್ತಿಗೆ ಆ ಅಂತರ ಹೆಚ್ಚುಕಡಿಮೆ ಮಾಸಿಹೋಗಿತ್ತು. ರಕ್ತದ ಒಂದು ಬಗೆಯ ಕೊಬ್ಬು ಮಾತ್ರ ಅವರಲ್ಲಿ ಕಡಿಮೆಯೇ ಉಳಿದಿತ್ತು. ಇಂಥ ಕಟ್ಟುನಿಟ್ಟನ್ನು ವರ್ಷಗಟ್ಟಲೆ ಪಾಲಿಸುವುದು ಸುಲಭವಲ್ಲ. ನೆಂಟರ ಮನೆ, ಜಾತ್ರೆ, ಮದುವೆ ಇರುವ ನಮ್ಮಲ್ಲಂತೂ ಕೇಳಲೇಬೇಡಿ.

ಪಿಷ್ಟ ತಿಂದವರ ಹೃದಯ

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಕಾಡಿನಲ್ಲಿ ಸಿಮಾನೆ ಎಂಬ ಜನರಿದ್ದಾರೆ. 2017ರಲ್ಲಿ ಅವರಲ್ಲಿ 705 ಜನರ ಹೃದಯದ ರಕ್ತನಾಳಗಳನ್ನು ಯಂತ್ರದಿಂದ ಪರೀಕ್ಷಿಸಿದ ವರದಿ ಬಂತು. ಅದುವರೆಗೆ ಪರೀಕ್ಷಿಸಿದ ಯಾವ ಜನಾಂಗದಲ್ಲೂ ಅಷ್ಟು ಶುದ್ಧವಾದ ರಕ್ತನಾಳಗಳು ಕಂಡಿರಲಿಲ್ಲ. ಎಂಬತ್ತರ ಸಿಮಾನೆ ಮುದುಕನ ರಕ್ತನಾಳ ಐವತ್ತೈದರ ಆಸುಪಾಸಿನ ಅಮೆರಿಕನ್ನನ ರಕ್ತನಾಳದಂತಿತ್ತು. ಅವರು ತಿನ್ನುವುದೇನು? ಬೇಟೆ, ಮೀನು ಇದ್ದರೂ ಮುಖ್ಯವಾಗಿ ತಾವೇ ಬೆಳೆದ ಬಾಳೆ, ಮರಗೆಣಸು, ಅಕ್ಕಿ, ಮುಸುಕಿನ ಜೋಳ. ಊಟದ ಶಕ್ತಿಯಲ್ಲಿ ಶೇಕಡಾ 72 ಭಾಗ ಪಿಷ್ಟದಿಂದ! ಅದು ನಮ್ಮ ಊಟಕ್ಕಿಂತ ಕಡಿಮೆಯೇನಲ್ಲ. ವ್ಯತ್ಯಾಸ ಎಲ್ಲಿ ಎಂದರೆ, ಗಂಡಸರು ದಿನಕ್ಕೆ 6ರಿಂದ 7 ಗಂಟೆ, ಹೆಂಗಸರು 4ರಿಂದ 6 ಗಂಟೆ ಮೈ ಬಗ್ಗಿಸಿ ಓಡಾಡುತ್ತಾರೆ. ಹೊಳಪು ಕೊಟ್ಟು ಸಾರ ತೆಗೆದ ಆಹಾರ, ಸಕ್ಕರೆ, ಹೊಗೆಸೊಪ್ಪು ಬಹಳ ಕಡಿಮೆ. ಅವರಲ್ಲಿ ಸೋಂಕು ರೋಗಗಳು ಹೆಚ್ಚು ಎಂಬುದನ್ನೂ ಹೇಳಬೇಕು; ಅವರ ಬದುಕು ಸ್ವರ್ಗವೇನಲ್ಲ.

ಆದಿಮಾನವ ಕಾಳನ್ನೇ ಮುಟ್ಟಿರಲಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಇಸ್ರೇಲಿನ ಗಲಿಲೀ ಸರೋವರದ ದಡದಲ್ಲಿ 23,000 ವರ್ಷದ ಹಿಂದಿನ ಬಿಡಾರವೊಂದು ಸಿಕ್ಕಿದೆ. ಅಲ್ಲಿನ ಬೀಸುವ ಕಲ್ಲಿನ ಮೇಲೆ ಕಾಡು ಬಾರ್ಲಿಯ ಪಿಷ್ಟದ ಕಣಗಳಿದ್ದವು. ಜೋರ್ಡಾನಿನಲ್ಲಿ 14,400 ವರ್ಷ ಹಳೆಯ ಸುಟ್ಟ ರೊಟ್ಟಿಯ ಚೂರುಗಳು ಸಿಕ್ಕ ಸುದ್ದಿ 2018ರಲ್ಲಿ ಬಂತು. ಅಂದರೆ ಬಿತ್ತುವುದು ಕಲಿಯುವ ಎಷ್ಟೋ ಮೊದಲೇ ಮನುಷ್ಯ ಬೀಸುವುದನ್ನೂ ತಟ್ಟುವುದನ್ನೂ ಕಲಿತಿದ್ದ. ನಮ್ಮಲ್ಲಿಯೂ ಸುರಪುರದ ಕಡೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಳೆಯ ಕಲ್ಲಿನ ಆಯುಧಗಳ ನೆಲೆ ಇದೆ. ಅದೇ ಸೀಮೆಯ ಬೂದಿಹಾಳದಲ್ಲಿ ನಾಲ್ಕು ಸಾವಿರ ವರ್ಷದ ಹಿಂದೆ ದನ ಕಟ್ಟಿದವರ ಬೂದಿದಿಬ್ಬ ಇದೆ. ಆ ನವಶಿಲಾಯುಗದವರು ನಮ್ಮ ಬಯಲುಸೀಮೆಯಲ್ಲಿ ಹುರುಳಿ, ಹೆಸರು, ಕೊರಲೆ ಬೆಳೆದರು. ಹುರುಳಿಯನ್ನು ನಿನ್ನೆ ಮೊನ್ನೆ ಬಂದ ಆಹಾರವೆನ್ನುವುದು ಹೇಗೆ? ಅಂಗಡಿಯಲ್ಲಿ ಶಿಲಾಯುಗದ ತರಕಾರಿಯೆಂದು ಕೊಳ್ಳುವ ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಒಂದೇ ಕಾಡುಗಿಡದಿಂದ ರೈತರು ಆರಿಸಿ ಆರಿಸಿ ಮಾಡಿದ ಬೆಳೆಗಳು. ಅವನ್ನು ಆದಿಮಾನವ ಕಂಡೇ ಇರಲಿಲ್ಲ.

ದ್ವಿದಳ ಧಾನ್ಯದಲ್ಲಿ ವಿಷವಿದೆ ಎಂಬ ಆಪಾದನೆಗೆ ನಮ್ಮ ಮನೆಯ ಹೆಂಗಸರು ಎಂದೋ ಉತ್ತರ ಕೊಟ್ಟಿದ್ದಾರೆ. ಹಸಿ ಕಾಳಿನಲ್ಲಿ ಕೆಲವು ಕೆಟ್ಟ ಅಂಶಗಳು ಇರುವುದು ನಿಜ. ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದರೆ ಅವು ಬಹುಮಟ್ಟಿಗೆ ನಾಶವಾಗುತ್ತವೆ.

ಹಾಗಾದರೆ ಮಗ ಹೇಳಿದ್ದರಲ್ಲಿ ಸತ್ಯವೇ ಇಲ್ಲವೆ? ಇದೆ. ನಮಗೆ ರುಚಿಸದ ಸತ್ಯ ಇದೆ. ನಮ್ಮ ತಟ್ಟೆಯಲ್ಲಿ ಕಾಳು ಮಿತಿಮೀರಿದೆ. 2023ರ ಸಿರಿಧಾನ್ಯ ವರ್ಷದಲ್ಲಿ ನಾನೇ ವೇದಿಕೆ ಹತ್ತಿ, ಅಕ್ಕಿ ಬಿಟ್ಟು ರಾಗಿ ತಿಂದರೆ ಸಕ್ಕರೆ ಕಾಯಿಲೆಯ ಭಯವಿಲ್ಲ ಎಂಬಂತೆ ಮಾತನಾಡಿದ್ದೆ. ಅದೇ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯಿಂದ 2025ರಲ್ಲಿ ಹೊರಬಂದ ಆಹಾರದ ವರದಿ ನನ್ನ ಮಾತನ್ನು ತಿದ್ದಿದೆ. ಭಾರತೀಯರ ಊಟದ ಶಕ್ತಿಯಲ್ಲಿ ಶೇಕಡಾ 62 ಭಾಗ ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತದೆ. ಅಕ್ಕಿಯ ಬದಲು ಅಷ್ಟೇ ಪ್ರಮಾಣದ ಗೋಧಿ ಹಿಟ್ಟನ್ನೋ ಸಿರಿಧಾನ್ಯವನ್ನೋ ತಿಂದ ಮಾತ್ರಕ್ಕೆ ಕಾಯಿಲೆಯ ಅಪಾಯ ತಗ್ಗುವುದು ಕಾಣಲಿಲ್ಲ. ಒಟ್ಟು ಪಿಷ್ಟವನ್ನೇ ಸ್ವಲ್ಪ ಇಳಿಸಿ, ಆ ಜಾಗಕ್ಕೆ ಬೇಳೆಕಾಳು ಅಥವಾ ಹಾಲು ಮೊಸರಿನ ಸಸಾರಜನಕ ಬಂದ ಕಡೆ ಅಪಾಯ ಕಡಿಮೆಯಿತ್ತು. ರಾಗಿಯಲ್ಲಿ ಸುಣ್ಣದ ಅಂಶ, ನಾರು ಧಾರಾಳವಾಗಿದೆ. ಅದು ಅಕ್ಕಿಗಿಂತ ಮೇಲೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮುದ್ದೆಯೂ ಪಿಷ್ಟವೇ. ಎರಡು ಮುದ್ದೆಯ ಮೇಲೆ ಅನ್ನ, ಮೇಲೆ ಸಿಹಿ ಕಾಫಿ ಎಂದರೆ ಯಾವ ಧಾನ್ಯವೂ ಕಾಪಾಡದು. ಇನ್ನೊಂದು ಸಂಗತಿ: ಉಳುವ ಕಾಲದಲ್ಲಿ ನೇಗಿಲ ಹಿಂದೆ ನಡೆದವನಿಗೆ ಅಳತೆ ಮಾಡಿದ ಮುದ್ದೆಯನ್ನೇ, ಟ್ರ್ಯಾಕ್ಟರು ಉತ್ತು ಹೋದ ಮೇಲೆ ಜಗಲಿಯಲ್ಲಿ ಕೂತವನೂ ಉಣ್ಣುತ್ತಿದ್ದಾನೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, 2000 ಕ್ಯಾಲೊರಿ ಸಾಕಾಗುವವರಿಗೆ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಾಲು ಮೊಸರು 300 ಮಿಲಿಲೀಟರು, ಬೇಳೆಕಾಳು (ಅಥವಾ ಅದರಲ್ಲಿ ಒಂದು ಪಾಲು ಮೊಟ್ಟೆ, ಮಾಂಸ) 85 ಗ್ರಾಂ ಎಂದಿದೆ. ಮೈಮುರಿದು ದುಡಿಯುವವರಿಗೆ ಇನ್ನೂ ಹೆಚ್ಚು ಬೇಕು. ಒಮ್ಮೆ ತೂಕ ಮಾಡಿ ನೋಡಿ. ಧಾನ್ಯ ಇದರ ಎರಡರಷ್ಟಿರುವ ಮನೆಯಲ್ಲಿ ಬೇಳೆ ಅರ್ಧದಷ್ಟೂ ಇರುವುದಿಲ್ಲ. ಸಾರಿನಲ್ಲಿ ಬೇಳೆ ಹುಡುಕಬೇಕು.

ಆ ರೈತರಿಗೆ ಒಂದನ್ನು ಮಾತ್ರ ಒತ್ತಿ ಹೇಳಿದೆ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ ಚುಚ್ಚುಮದ್ದನ್ನೋ ತೆಗೆದುಕೊಳ್ಳುವವರು ಊಟದಲ್ಲಿ ದೊಡ್ಡ ಬದಲಾವಣೆ ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಧಾನ್ಯ ಒಮ್ಮೆಗೇ ನಿಲ್ಲಿಸಿ ಔಷಧಿ ಮೊದಲಿನಂತೆಯೇ ನಡೆದರೆ ಸಕ್ಕರೆ ತೀರ ಇಳಿದು, ಬೆವರಿ, ಹೊಲದಲ್ಲೇ ಬಿದ್ದಾರು. ಮಾತ್ರೆಯನ್ನು ತಾವಾಗಿ ಬಿಡುವುದೂ ಅಷ್ಟೇ ಅಪಾಯ. ಮೂತ್ರಪಿಂಡದ ತೊಂದರೆ ಇರುವವರು ಮಾಂಸ, ಬೇಳೆ ಹೆಚ್ಚಿಸುವುದಕ್ಕೂ ವೈದ್ಯರ ಸಲಹೆ ಬೇಕು.

ಉಳಿದದ್ದು ನಮ್ಮ ಕಣಜದ ಲೆಕ್ಕ. ಐದು ಜನರ ಮನೆಗೆ ತಲಾ 85 ಗ್ರಾಂ ಎಂದರೆ ದಿನಕ್ಕೆ 425 ಗ್ರಾಂ, ವರ್ಷಕ್ಕೆ ಸುಮಾರು 155 ಕಿಲೋ ಬೇಳೆಕಾಳು. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಗೆ ಅಷ್ಟು ಬೇಡ. ಒಂದೂವರೆ ಕ್ವಿಂಟಾಲು ಎಂದು ಇಟ್ಟುಕೊಳ್ಳಿ. ನಾವು ಮಾಡುತ್ತಿರುವುದೇನು? ತೊಗರಿ, ಅವರೆ, ಹುರುಳಿಯನ್ನು ಕಣದಿಂದಲೇ ಮಂಡಿಗೆ ಸಾಗಿಸಿ, ಹಾಲನ್ನು ಡೈರಿಗೆ ಹಾಕಿ, ಬಂದ ಹಣದಲ್ಲಿ ಪಾಲಿಷ್ ಅಕ್ಕಿ, ಸಕ್ಕರೆ, ಬಿಸ್ಕತ್ತು ತರುತ್ತಿದ್ದೇವೆ.

ಈ ಲೆಕ್ಕ ಕೇಳಿ ಆ ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಈ ಸಲದ್ದು ಕೊಟ್ಟಾಯಿತು. ಬೀಜಕ್ಕೆ ಇಟ್ಟ ಹತ್ತು ಸೇರು ಬಿಟ್ಟರೆ ಮನೆಯಲ್ಲಿ ತೊಗರಿ ಇಲ್ಲ" ಎಂದರು. ಅವರ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವುದು ಅವರ ತಂದೆಯ ಕಾಲಕ್ಕೇ ನಿಂತಿತ್ತಂತೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿರೆಂದು ತಿಳಿಸಿ, ಬೀಜೋಪಚಾರಕ್ಕೆ ತಂದಿದ್ದ ರೈಜೋಬಿಯಂ ಪೊಟ್ಟಣದಲ್ಲಿ ಒಂದನ್ನು ಅವರಿಗೆ ಕೊಟ್ಟು ಬಂದೆ.