ಮೊದಲ ದೃಶ್ಯ ಕಾಲಹರಣವಲ್ಲ

ನಾಟಕದ ಮೊದಲ ದೃಶ್ಯವೆಂದರೆ ಜನ ಬಂದು ಕೂರುವವರೆಗಿನ ಕಾಲಹರಣ, ಅದು ತಪ್ಪಿದರೂ ಕಥೆ ತಪ್ಪುವುದಿಲ್ಲ ಎಂಬ ನಂಬಿಕೆ ಕದ್ರಾ, ಅಂಕೋಲೆ ಕಡೆಯೂ ಬಲವಾಗಿದೆ. ಅದರ ಬೇರು ಆಟದ ಬಯಲಲ್ಲಿದೆ. ಯಕ್ಷಗಾನದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಕುಣಿದ ಮೇಲೆಯೇ ಪ್ರಸಂಗ. ಪೂರ್ವರಂಗ ಕಥೆಯ ಹೊರಗಿನದು, ತಡವಾಗಿ ಹೋದರೂ ಕಥೆ ಸಿಗುತ್ತದೆ. ದುರಂತ ನಾಟಕಕ್ಕೂ ಇದೇ ಲೆಕ್ಕ ಹಾಕುವುದು ಶುದ್ಧ ತಪ್ಪು. ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರ ‘ತುಘಲಕ್’ (1964) ತೆಗೆದುಕೊಳ್ಳಿ. ದಿಲ್ಲಿಯ ನ್ಯಾಯಾಲಯದ ಮುಂದೆ ಜನ ಸೇರಿದ್ದಾರೆ. ಸುಲ್ತಾನನ ಮೇಲೇ ದಾವೆ ಹೂಡಿದ ಬ್ರಾಹ್ಮಣ ವಿಷ್ಣುಪ್ರಸಾದ ಗೆಲ್ಲುತ್ತಾನೆ. ಅವನಿಗೆ 500 ಬೆಳ್ಳಿ ದಿನಾರ, ಜೊತೆಗೆ ಸರಕಾರಿ ನೌಕರಿ. ಸುಲ್ತಾನ ನ್ಯಾಯಕ್ಕೆ ತಲೆಬಾಗಿ, ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವ ಮಾತಾಡುತ್ತಾನೆ. ಜನ ಚದುರಿದ ಮೇಲೆ ತಿಳಿಯುತ್ತದೆ: ಆ ಬ್ರಾಹ್ಮಣ ಅಗಸರ ಅಜೀಜ, ಅವನ ಕೈಲಿರುವುದು ಹಿಂದಿನ ತಾರೀಖು ಹಾಕಿದ ಕರಾರುಪತ್ರ. ಮುಂದೆ ಸುಲ್ತಾನ ಹೊರಡಿಸುವ ತಾಮ್ರದ ನಾಣ್ಯಗಳಿಗೆ ಖೋಟಾ ನಾಣ್ಯಗಳಿಂದ ಆಗುವ ಗತಿ ಈ ಒಂದು ಹಾಳೆಯಲ್ಲೇ ಇದೆ. ಆದರ್ಶ ಎಷ್ಟು ದೊಡ್ಡದೋ ಅದರ ಖೋಟಾ ನಕಲಿಗೆ ಅಷ್ಟೇ ಬೆಲೆ ಎಂಬುದೇ ಈ ನಾಟಕದ ಸಂಕಟ.

ಕಂಪನಿ ನಾಟಕಗಳಲ್ಲಿ ಹಿಂದೆ ಸೀನು ಬದಲಿಸುವಷ್ಟು ಹೊತ್ತು ಪರದೆಯ ಮುಂದೆ ಹಾಸ್ಯ ಆಡಿಸುತ್ತಿದ್ದರಲ್ಲ, ಅಜೀಜನದೂ ಅದೇ ಜಾತಿ ಎಂದು ವಾದಿಸುವವರಿದ್ದಾರೆ. ಚೌಕಟ್ಟು ಅಲ್ಲಿಂದ ಬಂದದ್ದು ನಿಜ, ಕಾರ್ನಾಡರೇ ಹೇಳಿದ್ದಾರೆ. ಆದರೆ ಬೀದಿಯ ಈ ವೇಷಧಾರಿ ಕೊನೆಯ, ಅಂದರೆ 13ನೆಯ ದೃಶ್ಯದಲ್ಲಿ ಅರಮನೆಯೊಳಗೇ ಸುಲ್ತಾನನ ಎದುರು ನಿಲ್ಲುತ್ತಾನೆ, ಅವನ ತಪ್ಪುಗಳನ್ನೇ ಅವನಿಗೆ ಲೆಕ್ಕ ಒಪ್ಪಿಸುತ್ತಾನೆ. ಸುಲ್ತಾನ ಅವನನ್ನು ಶಿಕ್ಷಿಸಲಾರ. ಮೊದಲ ದೃಶ್ಯ ನೋಡದವರಿಗೆ ಆ ಕ್ಷಮೆ ಹುಚ್ಚಾಟವಾಗಿ ಕಾಣುತ್ತದೆ, ನೋಡಿದವರಿಗೆ ಬೇರೆ ದಾರಿಯೇ ಇರಲಿಲ್ಲವೆಂದು ಅರ್ಥವಾಗುತ್ತದೆ.

ದುರಂತದಲ್ಲಿ ನಾಯಕ ಸಾಯಲೇಬೇಕೆಂಬ ಮಾತೂ ಸುಳ್ಳು: ತುಘಲಕ್ ಸಾಯುವುದಿಲ್ಲ, ಸೊಫೊಕ್ಲಿಸನ ‘ದೊರೆ ಈಡಿಪಸ್’ ನಾಟಕದಲ್ಲಿ ಈಡಿಪಸನೂ ಸಾಯುವುದಿಲ್ಲ. ಇಂಥ ನಂಬಿಕೆಗಳನ್ನು ಸಾಕುತ್ತಿರುವುದು ಪರೀಕ್ಷೆಯ ಗೈಡುಗಳು. ‘ಮೊದಲ ದೃಶ್ಯ: ಪಾತ್ರಪರಿಚಯ’ ಎಂದು ಅಚ್ಚಾದ ಒಂದೇ ಸಾಲನ್ನು ಹುಡುಗರು ಬಾಯಿಪಾಠ ಮಾಡುತ್ತಾರೆ, ಅಂಕ ಕೊಡುವವರೂ ಅದನ್ನೇ ಒಪ್ಪುತ್ತಾರೆ, ಮೂಲವನ್ನು ತೆರೆದು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಅಚ್ಚಾದದ್ದೆಲ್ಲ ನಿಜವೆಂದು ನಂಬುವ ಈ ಚಾಳಿ ನಾಟಕಕ್ಕಷ್ಟೇ ಸೀಮಿತವೂ ಅಲ್ಲ. ದಯವಿಟ್ಟು ಗೈಡು ಮುಚ್ಚಿಟ್ಟು ಆ ಮೊದಲ ದೃಶ್ಯವನ್ನು ಓದಿ. ಪ್ರಯೋಗವಿದ್ದರೆ ಪರದೆ ಏಳುವ ಮೊದಲೇ ಹೋಗಿ ಕೂತಿರಿ.