ಬೇಸಗೆಯ ಕಾಡಿನಲ್ಲಿ ಅರ್ಧ ಗಂಟೆ

ಪರೀಕ್ಷೆಗಳು ಮುಗಿದು ಮಕ್ಕಳ ಪುಸ್ತಕಗಳು ಅಟ್ಟವೇರಿದೊಡನೆ ಮೈಸೂರು, ಬೆಂಗಳೂರುಗಳ ಸಂಸಾರವಂದಿಗರಿಗೆ ಉದಕಮಂಡಲದ ನೆನಪಾಗುವುದು ವಾಡಿಕೆ. ಬುತ್ತಿಯ ಡಬ್ಬಿ, ನೀರಿನ ಬಾಟಲಿ, ಸ್ವೆಟರುಗಳ ಗಂಟು ಎಲ್ಲವನ್ನೂ ಕಾರಿಗೆ ತುಂಬಿ, ನಂಜನಗೂಡು, ಗುಂಡ್ಲುಪೇಟೆಗಳ ಮಾರ್ಗವಾಗಿ ದಕ್ಷಿಣಕ್ಕೆ ಹೊರಡುತ್ತಾರೆ. ಅವರ ಮನಸ್ಸೆಲ್ಲ ಮುಂದಿನ ಬೆಟ್ಟದ ತಂಪಿನ ಮೇಲೆ. ಮೈಸೂರಿನಿಂದ ಸುಮಾರು 80 ಕಿಲೋಮೀಟರು ದೂರದಲ್ಲಿ ಸಿಕ್ಕುವ ಬಂಡೀಪುರದ ಕಾಡು ಅವರ ಪಾಲಿಗೆ ಬೇಗನೆ ದಾಟಿಬಿಡಬೇಕಾದ ಒಂದು ಬಿಸಿಲುದಾರಿ, ಅಷ್ಟೆ. ಅಲ್ಲಿ ಕಳೆಯುವ ಅರ್ಧ, ಮುಕ್ಕಾಲು ಗಂಟೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ಈ ಲೇಖಕನ ಆಸೆ.

ನಮ್ಮ ಹಳೆಯ ಕವಿಗಳಿಗೆ ಕಾಡೆಂದರೆ ಬಹು ಪ್ರೀತಿ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಋತುವಿಗೂ ವನಕ್ರೀಡೆಗೂ ಸ್ಥಾನವುಂಟು. ಅವರ ವಸಂತದಲ್ಲಿ ಮಾವು ಚಿಗುರುತ್ತದೆ, ಕೋಗಿಲೆ ಉಲಿಯುತ್ತದೆ, ತಂಗಾಳಿ ಸುಳಿಯುತ್ತದೆ. ಆ ಓದಿನ ಗುಂಗಿನಲ್ಲಿ ಮಾರ್ಚ್ ತಿಂಗಳ ಬಂಡೀಪುರವನ್ನು ಹೊಕ್ಕವರಿಗೆ ಮೊದಲು ಆಗುವುದು ನಿರಾಶೆಯೇ. ತೇಗ, ದಿಂಡಿಗಗಳು ಬೋಳಾಗಿ ನಿಂತಿವೆ. ನೆಲದ ತುಂಬ ತರಗೆಲೆ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿದೆ. ಕಾರಿನ ಗಾಜನ್ನು ಇಳಿಸಿದರೆ ಒಲೆಯ ಬಾಯಿಂದ ಬಂದಂತೆ ಬಿಸಿಗಾಳಿ.

ಆದರೆ ಈ ಬರಡುತನ ಸಾವಿನ ಲಕ್ಷಣವಲ್ಲ, ಮರಗಳ ಮಿತವ್ಯಯ. ನೀಲಗಿರಿಯ ಮಳೆನೆರಳಿನಲ್ಲಿರುವ ಈ ಸೀಮೆಗೆ ಮಳೆ ವರ್ಷದ ಕೆಲವು ತಿಂಗಳು ಮಾತ್ರ. ಎಲೆಯಿದ್ದಷ್ಟೂ ಮರದಿಂದ ನೀರು ಆವಿಯಾಗಿ ಹೋಗುತ್ತದೆ. ಆದ್ದರಿಂದ ಬೇಸಗೆ ಬರುವ ಮೊದಲೇ ಎಲೆಯನ್ನು ಕಳಚಿ, ಇದ್ದ ನೀರನ್ನು ಒಳಗೇ ಕಾಪಾಡಿಕೊಳ್ಳುವುದು ಮರದ ಜಾಣತನ. ಮೊಸಳೆಯ ಚರ್ಮದಂಥ ತೊಗಟೆಯುಳ್ಳ ಮತ್ತಿಯ ಮರವಂತೂ ತನ್ನ ಕಾಂಡದಲ್ಲಿ ನೀರನ್ನು ಕೂಡಿಟ್ಟುಕೊಳ್ಳಬಲ್ಲುದು. ಎಲೆಯೇ ಇಲ್ಲದ ಈ ಹೊತ್ತಿನಲ್ಲಿ ಮುತ್ತುಗವು ಕೆಂಡದಂಥ ಹೂ ತಳೆಯುತ್ತದೆ; ಅದು ಮುಗಿಯುವ ಹೊತ್ತಿಗೆ ಕಕ್ಕೆಯ ಹಳದಿ ಗೊಂಚಲುಗಳು ಇಳಿಬೀಳುತ್ತವೆ. ಕವಿಗಳು ಹೇಳಿದ ವಸಂತ ಇಲ್ಲಿಯೂ ಇದೆ. ಕಾಣಲು ಕಾರಿನ ವೇಗ ತಗ್ಗಬೇಕು.

ಪ್ರಾಣಿಗಳ ಬಾಳಾದರೋ ಈ ದಿನಗಳಲ್ಲಿ ನೀರಿನ ಸುತ್ತಲೇ ಸುತ್ತುತ್ತದೆ. ಬೆಳೆದ ಆನೆಯೊಂದಕ್ಕೆ ದಿನಕ್ಕೆ ನೂರು ಲೀಟರಿಗೂ ಮಿಕ್ಕು ನೀರು ಬೇಕು. ಅದು ಸುಮ್ಮನೆ ನಿಂತು ಕಿವಿ ಬೀಸುತ್ತಿದೆಯೆಂದು ನಮಗೆ ತೋರುತ್ತದೆ. ಆ ಅಗಲವಾದ ಕಿವಿಗಳ ತುಂಬ ರಕ್ತನಾಳಗಳಿವೆ. ಗಾಳಿಗೆ ಅಲ್ಲಿನ ರಕ್ತ ತಣಿದು ಇಡೀ ದೇಹವನ್ನು ತಂಪುಮಾಡುತ್ತದೆ. ಕಾಡಿನ ಕೆರೆಗಳು ಬತ್ತಿದಾಗ ಆನೆಯ ಹಿಂಡುಗಳು ಕಬಿನಿಯತ್ತ ನಡೆಯುತ್ತವೆ. 1974ರಲ್ಲಿ ಮುಗಿದ ಆ ಜಲಾಶಯದ ನೀರು ಬೇಸಗೆಯಲ್ಲಿ ಹಿಂದೆ ಸರಿದಂತೆ ದಡದ ಹಸಿನೆಲದಲ್ಲಿ ಎಳೆಹುಲ್ಲು ಹುಟ್ಟುತ್ತದೆ. ನೂರಾರು ಆನೆಗಳಿಗೆ ಅದೇ ಆಹಾರ. ಇತ್ತೀಚೆಗೆ ಅರಣ್ಯ ಇಲಾಖೆಯವರು ಸೌರಶಕ್ತಿಯ ಪಂಪುಗಳಿಂದ ಕೆಲವು ಕೆರೆಗಳಿಗೆ ನೀರುಣಿಸುತ್ತಿರುವುದೂ ಉಂಟು.

ಹೋದ ಬೇಸಗೆಯಲ್ಲಿ ನಾವು ಹೋದಾಗ ನನ್ನ ಕಿರಿಯ ಮಗಳದು ಒಂದೇ ಹಟ: “ಅಪ್ಪಾ, ಹುಲಿ ಎಲ್ಲಿ?” 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು, 2022ರ ಗಣತಿಯಂತೆ ಇಲ್ಲಿನ ಹುಲಿಗಳು 150. ಆದರೂ ಹಾದಿಹೋಕರಿಗೆ ಹುಲಿ ಕಾಣುವುದು ಅಪರೂಪ. ಮಗು ಮುಖ ಸಣ್ಣದು ಮಾಡಿತು. ಆಗ ನನ್ನ ತಾಯಿ, “ಅಲ್ಲಿ ನೋಡೇ” ಎಂದು ಮರದತ್ತ ಕೈತೋರಿಸಿದರು. ಕೊಂಬೆಯ ಮೇಲೆ ಮುಸುವಗಳು ಚಿಗುರು ಕಿತ್ತು ತಿನ್ನುತ್ತಿದ್ದವು. ಕೆಳಗೆ ಉದುರಿದ್ದನ್ನು ಚುಕ್ಕೆಜಿಂಕೆಗಳು ಆಯ್ದು ಮೇಯುತ್ತಿದ್ದವು. ಮೇಲಿನವರು ದೂರದ ಅಪಾಯವನ್ನು ಕಂಡು ಕೂಗಿದರೆ ಕೆಳಗಿನವರು ಎಚ್ಚರಗೊಳ್ಳುತ್ತಾರೆ. ಕೆಳಗಿನವರಿಗೆ ವಾಸನೆ ಸಿಕ್ಕರೆ ಮೇಲಿನವರಿಗೆ ಸುದ್ದಿ ಮುಟ್ಟುತ್ತದೆ. “ಮಹಡಿ ಮನೆಯವರೂ ಕೆಳಗಿನ ಬಾಡಿಗೆಯವರೂ ಹೊಂದಿಕೊಂಡಿದ್ದಾರೆ, ನಮ್ಮ ವಠಾರಕ್ಕಿಂತ ವಾಸಿ” ಎಂದರು ಅಮ್ಮ. ಕಾರಿನಲ್ಲಿದ್ದವರೆಲ್ಲ ನಕ್ಕೆವು. ಮಗಳು ಮತ್ತೆ ಹುಲಿಯ ಮಾತೆತ್ತಲಿಲ್ಲ.

ಅಷ್ಟರಲ್ಲಿ ಮುಂದಿನ ವಾಹನವೊಂದು ನಿಂತಿತು. ಕಿಟಕಿಯಿಂದ ಒಂದು ಕೈ ಹೊರಬಂದು, ಬಿಸ್ಕತ್ತಿನ ಪೊಟ್ಟಣವನ್ನು ಹಾಗೆಯೇ ಜಿಂಕೆಗಳತ್ತ ಎಸೆಯಿತು. ಎಸೆದವರ ಮನಸ್ಸಿನಲ್ಲಿ ದಯೆಯೇ ಇದ್ದಿರಬೇಕು. ಆದರೆ ಆ ದಯೆಯ ಫಲವೇನು? ರಸ್ತೆಯ ಬದಿಯಲ್ಲಿ ತಿಂಡಿ ಸಿಕ್ಕುವುದೆಂದು ಕಲಿತ ಪ್ರಾಣಿ ಕಾಡಿನೊಳಗೆ ಹೋಗದೆ ರಸ್ತೆಯನ್ನೇ ಕಾಯುತ್ತದೆ. ಇಂದಲ್ಲ ನಾಳೆ ಚಕ್ರಕ್ಕೆ ಸಿಕ್ಕುತ್ತದೆ. ಪ್ಲಾಸ್ಟಿಕ್ಕು ಹೊಟ್ಟೆಗೆ ಹೋದರೆ ಕರುಳು ಕಟ್ಟಿ ಸಾಯುವುದೂ ಉಂಟು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಕಾಡುರಸ್ತೆಯಲ್ಲಿ ಆನೆಗಳು ಕಬ್ಬಿನ ಲಾರಿಗಳನ್ನು ಅಡ್ಡಗಟ್ಟಿ ನಿಲ್ಲಿಸುವುದನ್ನು ಕಂಡವರು ಬಹಳ. ರುಚಿ ಹತ್ತಿಸಿದವರು ಮನುಷ್ಯರು. ಪುಂಡಾನೆಯೆಂಬ ಹೆಸರು ಮಾತ್ರ ಆನೆಗೆ.

ಇನ್ನು ಈ ರಸ್ತೆಯ ವಿಚಾರ. ಗುಂಡ್ಲುಪೇಟೆಯಿಂದ ಹೊರಡುವ ಎರಡು ಹೆದ್ದಾರಿಗಳು, ಒಂದು ಉದಕಮಂಡಲಕ್ಕೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಮೂಲಕ ಕೋಳಿಕ್ಕೋಡಿಗೆ, ಈ ಕಾಡನ್ನು ಸೀಳಿಕೊಂಡೇ ಹೋಗುತ್ತವೆ. ರಾತ್ರಿ ಇಲ್ಲಿ ಓಡುತ್ತಿದ್ದ ವಾಹನಗಳಡಿ ಬಿದ್ದು ಸಾಯುತ್ತಿದ್ದ ಪ್ರಾಣಿಗಳನ್ನು ಕಂಡು 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ಸಂಚಾರವನ್ನು ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆಜ್ಞೆ ಹಿಂತೆಗೆಯಲ್ಪಟ್ಟಿತು. ವಿಷಯ ಹೈಕೋರ್ಟನ್ನು ಮುಟ್ಟಿ, 2010ರ ಮಾರ್ಚ್‌ನಲ್ಲಿ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು. ಅಂದಿನಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ, ರೋಗಿಗಳ ವಾಹನವನ್ನೂ ಬೆರಳೆಣಿಕೆಯ ಬಸ್ಸುಗಳನ್ನೂ ಬಿಟ್ಟರೆ, ಈ ದಾರಿ ಮುಚ್ಚಿರುತ್ತದೆ.

ಇದರಿಂದ ತೊಂದರೆಯಾದವರಿಲ್ಲವೆಂದಲ್ಲ. ವಯನಾಡಿನ ವ್ಯಾಪಾರಿಗಳಿಗೂ ಅಲ್ಲಿನ ವಿದ್ಯಾರ್ಥಿಗಳಿಗೂ ಮೈಸೂರು ಹತ್ತಿರದ ದೊಡ್ಡ ಪಟ್ಟಣ. ರಾತ್ರಿಯಲ್ಲಿ ಅವರು ಹುಣಸೂರು, ಗೋಣಿಕೊಪ್ಪ, ಕುಟ್ಟಗಳ ಮೂಲಕ ಬಳಸಿ ಹೋಗಬೇಕು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಯುವಕರು ಉಪವಾಸ ಕುಳಿತದ್ದು ಸುಮ್ಮನೆ ಅಲ್ಲ. ಅವರ ಕಷ್ಟವನ್ನು ಹಗುರವಾಗಿ ಕಾಣಬಾರದು. ಆದರೆ ಅವರಿಗೆ ಬಳಸುದಾರಿಯಾದರೂ ಇದೆ. ರಸ್ತೆಯ ಒಂದು ಪಕ್ಕದಲ್ಲಿ ಮೇವು, ಇನ್ನೊಂದು ಪಕ್ಕದಲ್ಲಿ ನೀರು ಇರುವ ಆನೆಗೆ ಬಳಸಿ ಹೋಗಲು ಬೇರೆ ಕಾಡಿಲ್ಲ. ದಿನದ ಹದಿನೈದು ಗಂಟೆ ನಮ್ಮದಾದ ಮೇಲೆ ಒಂಬತ್ತು ಗಂಟೆ ಅವುಗಳದಾಗಿರಲಿ ಎಂಬುದು ಅತಿಯಾದ ಬೇಡಿಕೆಯೆಂದು ನನಗೆ ತೋರದು.

ಬೇಸಗೆಯ ಇನ್ನೊಂದು ಭಯ ಬೆಂಕಿ. ವಿದೇಶದಿಂದ ಬಂದು ಕಾಡನ್ನೆಲ್ಲ ಮುತ್ತಿರುವ ಲಂಟಾನದ ಪೊದೆ ಒಣಗಿ ನಿಂತಾಗ ಒಂದು ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋಯಿತು. ಅದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ಬೆಂಕಿಯನ್ನು ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಮರಳಿ ಬರಲಿಲ್ಲ. ಬೇಸಗೆಗೆ ಮೊದಲೇ ಬೆಂಕಿರೇಖೆಗಳನ್ನು ಸವರಿ, ಬಿಸಿಲಲ್ಲಿ ಹಸಿಸೊಪ್ಪಿನಿಂದ ಬಡಿದು ಉರಿಯನ್ನು ನಂದಿಸುವ ಈ ಜನರ ಹೆಸರು ನಮಗಾರಿಗೂ ತಿಳಿಯದು. ಬೀಡಿಯ ತುಂಡೊಂದನ್ನು ಕಿಟಕಿಯಿಂದ ಎಸೆಯುವವರು ಅವರ ಮನೆಯವರನ್ನೊಮ್ಮೆ ನೆನೆಯಬೇಕು.

ಹೊರಡುವ ವಾಚಕರಿಗೆ ಸೂಚನೆಗಳು ಹೆಚ್ಚೇನಿಲ್ಲ. ಊಟವನ್ನು ಗುಂಡ್ಲುಪೇಟೆಯಲ್ಲೇ ಮುಗಿಸಿಕೊಳ್ಳಿ. ಕಾಡಿನ ನಡುವೆ ಕಾರಿನಿಂದ ಇಳಿಯಬೇಡಿ. ಹಾರನ್ನು ಬೇಡ, ಹಾಡೂ ಬೇಡ. ಆನೆ ರಸ್ತೆಗೆ ಬಂದರೆ ದೂರದಲ್ಲೇ ನಿಂತು ಅದು ದಾಟುವವರೆಗೆ ಕಾಯಿರಿ. ಛಾಯಾಚಿತ್ರದ ಆಸೆಗೆ ಹತ್ತಿರ ಹೋದವರು ಅದರ ಕಾಲಿಗೆ ಸಿಕ್ಕಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿಯೇ ಇದ್ದೀರಿ. ಉಂಡ ಎಲೆಯನ್ನೂ ಕುಡಿದ ಬಾಟಲಿಯನ್ನೂ ಮನೆಗೇ ಹಿಂದಕ್ಕೆ ತನ್ನಿ. ಮರಳುವಾಗ ಒಂಬತ್ತಕ್ಕೆ ಬಹಳ ಮುಂಚೆಯೇ ಕಾಡನ್ನು ದಾಟುವಂತೆ ಹೊತ್ತು ನೋಡಿಕೊಂಡು ಹೊರಡಿ.

ಒಂಬತ್ತಾಯಿತೆಂದರೆ ಗೇಟು ಬೀಳುತ್ತದೆ. ಹಗಲೆಲ್ಲ ಕಾದ ಡಾಂಬರು ಮೆಲ್ಲಗೆ ಆರುತ್ತದೆ. ಪೊದೆಯ ಮರೆಯಲ್ಲಿ ಕಾದಿದ್ದ ತಾಯಿಯಾನೆ ಮರಿಯನ್ನು ಹೊಟ್ಟೆಯಡಿ ಸೇರಿಸಿಕೊಂಡು, ಅತ್ತಿತ್ತ ನೋಡುವ ಅಗತ್ಯವಿಲ್ಲದೆ, ರಸ್ತೆ ದಾಟಿ ನೀರಿನತ್ತ ನಡೆಯುತ್ತದೆ.