ಗೋಕರ್ಣದ ವೈಫೈ, ಹಿರೇಗುತ್ತಿಯ ಮಳೆ: ಫ್ರೀಲಾನ್ಸರ್ ಎಲ್ಲಿ ಕೂತು ಕೆಲಸ ಮಾಡೋದು?

ಈ ವಾರದ ಎಪಿಸೋಡ್ ಶುರುವಾಗೋದು ಒಂದು ಹಾಳಾದ ರೆಕಾರ್ಡಿಂಗ್‌ನಿಂದ. ಕಳೆದ ಆಷಾಢದಲ್ಲಿ ಹಿರೇಗುತ್ತಿಯ ನಮ್ಮ ಮನೇಲಿ ಒಬ್ಬರ ಸಂದರ್ಶನ ಮಾಡ್ತಿದ್ದೆ. ಹಂಚಿನ ಮಾಡು, ಹೊರಗೆ ನಮ್ಮ ಕರಾವಳಿ ಮಳೆ. ಆಮೇಲೆ ಹೆಡ್‌ಫೋನ್ ಹಾಕಿ ಕೇಳಿದ್ರೆ ಅತಿಥಿಯ ಮಾತಿಗಿಂತ ಮಳೆಯೇ ಜಾಸ್ತಿ. ಮಳೆ ನಿಂತಾಗ ಹೆದ್ದಾರಿಯ ಲಾರಿಗಳು. ದುಡ್ಡು ಬರಬೇಕಿದ್ದ ಕೆಲಸ ಅದು, ಬರಲಿಲ್ಲ. ‘ಬೆಂಗಳೂರಿಗೆ ವಾಪಸ್ ಹೋಗ್ಲಾ?’ ಅಂತ ಅವತ್ತು ನಿಜಕ್ಕೂ ಅನ್ನಿಸ್ತು.

ರಿಚರ್ಡ್ ಫ್ಲೋರಿಡಾ ಅನ್ನೋ ಅಮೆರಿಕದ ಪ್ರೊಫೆಸರ್ 2002ರಲ್ಲಿ ‘ದ ರೈಸ್ ಆಫ್ ದ ಕ್ರಿಯೇಟಿವ್ ಕ್ಲಾಸ್’ ಅಂತ ಪುಸ್ತಕ ಬರೆದ್ರು. ಸೃಜನಶೀಲ ಕೆಲಸದವರು ಬರೀ ನೌಕರಿ ಇರೋ ಕಡೆ ಹೋಗಲ್ಲ, ಕೆಫೆ, ಸಂಗೀತ, ಬಗೆಬಗೆಯ ಜನ ಇರೋ ಊರನ್ನ ಆರಿಸ್ಕೊಳ್ತಾರೆ ಅನ್ನೋದು ಅವರ ವಾದ. ಅದಕ್ಕೆ ದೊಡ್ಡ ದೊಡ್ಡ ತಕರಾರುಗಳೇ ಬಂದಿವೆ. ನಂದು ಸಣ್ಣದು: ಕೆಫೆ ಆಮೇಲೆ ನೋಡೋಣ, ಮೊದಲು ಕರೆಂಟು.

ಆಮೇಲೆ ಅಪ್‌ಲೋಡ್. ನಾವೆಲ್ಲ ಡೌನ್‌ಲೋಡ್ ಸ್ಪೀಡ್ ನೋಡಿ ‘ನೆಟ್ ಚೆನ್ನಾಗಿದೆ’ ಅಂತೀವಿ. ಆದ್ರೆ ನಮ್ಮ ಕೆಲಸ ಕಳಿಸೋದು. ಒಂದು ಗಂಟೆ ಸ್ಟೀರಿಯೊ ವೇವ್ ಫೈಲ್, ಸಿಡಿ ಗುಣಮಟ್ಟದ್ದು, 600 ಎಂಬಿ ದಾಟುತ್ತೆ. ಅಪ್‌ಲೋಡ್ 2 ಎಂಬಿಪಿಎಸ್ ಇದ್ರೆ 40 ನಿಮಿಷಕ್ಕೂ ಹೆಚ್ಚು ಬೇಕು. ನಡುವೆ ಕರೆಂಟು ಹೋದ್ರೆ ಮತ್ತೆ ಮೊದಲಿಂದ. ವಿಡಿಯೋ ಎಡಿಟರ್‌ಗಳ ಪಾಡು ಕೇಳಲೇಬೇಡಿ.

‘ಪಕ್ಕದಲ್ಲೇ ಗೋಕರ್ಣ ಇದೆಯಲ್ಲ ಮಾರಾಯಾ’ ಅಂತ ಎಲ್ಲರೂ ಹೇಳ್ತಾರೆ. ಇದೆ. ಮಾದನಗೇರಿಯಲ್ಲಿ ತಿರುಗಿದ್ರೆ ಆಯ್ತು. ಹಾಸ್ಟೆಲ್, ಕೆಫೆ, ಲ್ಯಾಪ್‌ಟಾಪ್ ತೆರೆದು ಕೂತ ಹೊರಗಿನವರು, ಎಲ್ಲ ಇದೆ. ಆದ್ರೆ ಆ ಸೌಕರ್ಯ ಹುಟ್ಟಿದ್ದು ಪ್ರವಾಸಿಗಾಗಿ, ಅದರ ಕ್ಯಾಲೆಂಡರ್ ಸೀಸನ್‌ದು. ಮಳೆಗಾಲದಲ್ಲಿ, ಅಂದ್ರೆ ನನಗೆ ಮನೇಲಿ ರೆಕಾರ್ಡ್ ಮಾಡೋಕಾಗದ ಹೊತ್ತಲ್ಲೇ, ಬೀಚಿನ ಕಡೆ ಎಷ್ಟೋ ಜಾಗ ಬಾಗಿಲು ಹಾಕಿರ್ತವೆ. ಸೀಸನ್ನಲ್ಲಿ ನಾಲ್ಕು ಗಂಟೆ ಕೂತು ಎರಡು ಕಾಫಿ ಕುಡಿಯೋ ನಾನು ಮಾಲೀಕರಿಗೆ ನಷ್ಟ. ಬಿಕಾಂ ಓದಿದವನು, ಆ ಟೇಬಲ್ಲಿನ ಲೆಕ್ಕ ನನಗೂ ಅರ್ಥ ಆಗುತ್ತೆ. ಅವರು ಮುಖ ಸಿಂಡರಿಸಿದ್ರೆ ಬೇಜಾರಿಲ್ಲ.

ಇನ್ನೊಂದು ಜಾಗ ನಮ್ಮ ಕಣ್ಣಿಗೇ ಬೀಳಲ್ಲ: ಗ್ರಾಮ ಪಂಚಾಯಿತಿ ಗ್ರಂಥಾಲಯ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ‘ಅರಿವು ಕೇಂದ್ರ’ ಅಂತ ಹೆಸರು, ಹಲವು ಕಡೆ ಕಂಪ್ಯೂಟರ್, ಇಂಟರ್ನೆಟ್ ಕೂಡ ಬಂದಿದೆ. ಮೇಜು, ಫ್ಯಾನು, ಮೌನ, ದುಡ್ಡು ಕೊಡೋ ಹಾಗಿಲ್ಲ. ಬರೆಯೋರಿಗೆ, ಚಿತ್ರ ಮಾಡೋರಿಗೆ ಇದಕ್ಕಿಂತ ಬೇಕಾ? ಮಾತಾಡೋದೇ ಕಸುಬಾದ ನನಗೆ ಮಾತ್ರ ಅದೇ ಮೌನ ಅಡ್ಡಿ.

ನನ್ನ ಗೆಳತಿ ಒಬ್ಬಳು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತಾಳೆ. ಕುಮಟಾ ಪೇಟೇಲಿ ಕೂರೋಕೆ ಜಾಗ ಹುಡುಕಿದ್ಲು. ಅವಳ ಪಟ್ಟಿಯಲ್ಲಿ ವೈಫೈ ಮೂರನೇದು. ಮೊದಲನೇದು ಶುಚಿಯಾದ ಟಾಯ್ಲೆಟ್, ಎರಡನೇದು ಊರಿಗೆ ಹೋಗೋ ಸಂಜೆ ಬಸ್ಸು. ಬಸ್ ತಪ್ಪಿದ್ರೆ ಮನೇಲಿ ಮಾತು ಶುರು, ಮರುದಿನ ಹೋಗೋದೇ ಬೇಡ ಅಂತ. ಡೆಡ್‌ಲೈನ್ ಇದ್ದ ದಿನವೂ ಐದೂವರೆಗೆ ಬ್ರಷ್ ತೊಳೀಬೇಕು. ಈ ವರ್ಷ ಅವಳು ಬೆಂಗಳೂರಿಗೆ ಹೋದ್ಲು. ಬಾಡಿಗೆಗೇ ದುಡಿಮೆಯ ಅರ್ಧ ಹೋಗುತ್ತಂತೆ, ಆದ್ರೂ ವಾಪಸ್ ಬರೋ ಮಾತಿಲ್ಲ. ನಾನು ಬೈಕ್ ಇರೋ ಹುಡುಗ, ಈ ಪಟ್ಟಿ ನನ್ನ ತಲೆಗೇ ಬಂದಿರಲಿಲ್ಲ.

ನಾನಂತೂ ಸದ್ಯಕ್ಕೆ ಇಲ್ಲೇ. ಈ ಎಪಿಸೋಡ್ ರೆಕಾರ್ಡ್ ಆಗಿದ್ದು ನಮ್ಮ ಹಿಂದಿನ ಕೋಣೇಲಿ, ಬೆಳಗಿನ ಜಾವ ನಾಲ್ಕಕ್ಕೆ. ಸುತ್ತ ಅಕ್ಕಿ ಮೂಟೆ, ಬಾಗಿಲಿಗೆ ಹತ್ತಿ ಹಾಸಿಗೆ ಒರಗಿಸಿದೀನಿ. ಮೂಟೆ ಸದ್ದು ಚೆನ್ನಾಗಿ ಹೀರುತ್ತೆ, ಅಕ್ಕಿ ಖಾಲಿಯಾಗ್ತಾ ಬಂದಂಗೆ ಪ್ರತಿಧ್ವನಿ ಜಾಸ್ತಿ ಆಗುತ್ತೆ.

ನಿಮ್ಮೂರಲ್ಲಿ ನೀವು ಎಲ್ಲಿ ಕೂರ್ತೀರಿ? ಕೊನೇ ಬಸ್ ಎಷ್ಟು ಗಂಟೆಗೆ? ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೇಳಿಸ್ತೀನಿ.